ಲೋಹದ ಟಾರ್ಚು: ಬಣ್ಣಕ್ಕಿಂತ ಮೊದಲು ಲೇಪನ

(ಸಂಘದ ವಾರ್ಷಿಕ ಸಮಾವೇಶದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತನಾಡಿದವರು ಇಂಜಿನಿಯರಿಂಗ್, ವೈದ್ಯಕೀಯ, ವಿದ್ಯಾರ್ಥಿವೇತನಗಳ ಬಗ್ಗೆ ಬಹಳ ಉಪಯುಕ್ತ ಮಾಹಿತಿ ನೀಡಿದ್ದಾರೆ. ನಾನು ಅಷ್ಟು ಓದಿದವನಲ್ಲ. ಐ.ಟಿ.ಐ. ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಅಲ್ಯುಮಿನಿಯಂ ಭಾಗಗಳಿಗೆ ಆನೊಡೈಸಿಂಗ್ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ ಕಲಿತು, ಆಮೇಲೆ ಊರಿಗೆ ಬಂದು ಅದೇ ಕೆಲಸದ ಸಣ್ಣ ಶೆಡ್ಡು ಹಾಕಿಕೊಂಡವನು. ಇಲ್ಲಿ ಏನು ಮಾತನಾಡಲಿ ಎಂದು ಕೇಳಿದಾಗ, "ನಿಮಗೆ ಗೊತ್ತಿರುವುದನ್ನೇ ಹೇಳಿ" ಎಂದರು. ನನಗೆ ಗೊತ್ತಿರುವುದು ಲೋಹದ ಮೈಮೇಲಿನ ಹೊದಿಕೆ ಮಾತ್ರ. ಆದ್ದರಿಂದ ಮೂರು ಟಾರ್ಚುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ನಮ್ಮ ಕಡೆ ಟಾರ್ಚಿಗೆ 'ಬ್ಯಾಟರಿ' ಎಂದೇ ಹೆಸರು. ಮೊಬೈಲಿನಲ್ಲೇ ಬೆಳಕಿರುವಾಗ ಬ್ಯಾಟರಿ ಯಾಕೆ ಎಂದು ನೀವು ಕೇಳಬಹುದು. ಬೋಟಿನಲ್ಲಿ ದುಡಿಯುವವರನ್ನು, ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರನ್ನು, ಲೈನ್‌ಮನ್‌ಗಳನ್ನು ಕೇಳಿ ನೋಡಿ. ಮಳೆ, ಉಪ್ಪುಗಾಳಿ, ಕೆಸರು, ಬೀಳುವಿಕೆ ಇವೆಲ್ಲವನ್ನೂ ತಡೆಯುವ ಬೆಳಕು ಅವರಿಗೆ ಬೇಕು. ಅಂಗಡಿಗೆ ಹೋದಾಗ ನಾವು ಮೊದಲು ನೋಡುವುದು ಬಣ್ಣ. ಟಾರ್ಚು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಆ ಬಣ್ಣದ ಕೆಳಗಿರುವ ಪದರ. ಇಂದು ನಾನು ಹೇಳುವ ಮಾತೆಲ್ಲ ಇಷ್ಟೇ. ಉಳಿದದ್ದು ಅದರ ವಿವರಣೆ.

ಹಿತ್ತಾಳೆಯ ಟಾರ್ಚು

ಈ ಮೊದಲನೆಯದು ನನ್ನ ಅಜ್ಜನದು. ಎರಡು ಸೆಲ್ಲಿನ ಹಿತ್ತಾಳೆಯ ಟಾರ್ಚು. ನೋಡಲು ಬೆಳ್ಳಿಯಂತಿತ್ತು. ಈಗ ಅಲ್ಲಲ್ಲಿ ಹಳದಿ ಕಾಣುತ್ತಿದೆ, ಸಂದುಗಳಲ್ಲಿ ಹಸಿರು ಕಿಲುಬು ಹಿಡಿದಿದೆ. ಹಿತ್ತಾಳೆಯ ಮೇಲೆ ಮೊದಲು ನಿಕಲ್, ಅದರ ಮೇಲೆ ಕ್ರೋಮಿಯಂ ಹಾಕುತ್ತಿದ್ದರು. ಹೊಳೆಯುವ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಎಂದರೆ ನೀವೇ ಲೆಕ್ಕ ಹಾಕಿ. ಹೊಳಪು ಕೊಡುವುದು, ಗೀರು ತಡೆಯುವುದು ಕ್ರೋಮಿಯಂ. ನೀರು, ಉಪ್ಪು ಒಳಗೆ ಇಳಿಯದಂತೆ ಕಾಯುವುದು ಕೆಳಗಿರುವ, ಕಣ್ಣಿಗೆ ಬೀಳದ ನಿಕಲ್. ನಿಕಲ್ ಪದರದಲ್ಲಿ ಜಿಪುಣತನ ಮಾಡಿದರೆ ಮೇಲಿನ ಹೊಳಪಿಗೆ ಆಯುಷ್ಯವಿಲ್ಲ.

ಹಿಂದೆ ಮನೆ ಬಾಗಿಲಿಗೆ ಬಂದು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ಇದ್ದರು. ಅದೂ ಒಂದು ಲೋಹದ ಮೇಲೆ ಇನ್ನೊಂದು ಲೋಹದ ಹೊದಿಕೆ. ಆದರೆ ಕಲಾಯಿ ಸವೆದರೆ ಮತ್ತೆ ಹಾಕಿಸಬಹುದಿತ್ತು. ಟಾರ್ಚಿನ ಕ್ರೋಮಿಯಂ ಎದ್ದರೆ ಮತ್ತೆ ಹಾಕಿಸುವುದು ಲಾಭದ ಮಾತಲ್ಲ.

ಬಣ್ಣ ಬಳಿದ ಟಾರ್ಚು

ಎರಡನೆಯದು ಸಂತೆಯಲ್ಲಿ ಕೊಂಡದ್ದು. ಅಚ್ಚ ನೀಲಿ. ಇದರ ಮೇಲಿರುವುದು ಸ್ಪ್ರೇ ಮಾಡಿದ ಬಣ್ಣ. ಮೂಲೆಯಲ್ಲಿ ಉಗುರಿನಿಂದ ಕೆರೆದರೂ ಸಿಪ್ಪೆಯಂತೆ ಏಳುತ್ತದೆ. ಗೋಡೆಗೆ ಸುಣ್ಣ ಹೊಡೆದ ಹಾಗೆ, ಲೋಹ ಬೇರೆ, ಹೊದಿಕೆ ಬೇರೆ.

ಬಣ್ಣಗಳಲ್ಲೇ ಉತ್ತಮವಾದುದು ಪೌಡರ್ ಕೋಟಿಂಗ್. ಒಣ ಪುಡಿಗೆ ವಿದ್ಯುದಾವೇಶ ಕೊಟ್ಟು ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ. 60ರಿಂದ 100 ಮೈಕ್ರಾನ್ ದಪ್ಪ ಬರುತ್ತದೆ, ಬೇಕಾದ ಬಣ್ಣ ಸಿಗುತ್ತದೆ. ಬಿಸಿಲಿಗೆ ಪಾಲಿಯೆಸ್ಟರ್ ಪುಡಿ ಒಳ್ಳೆಯದು. ಎಪಾಕ್ಸಿ ಪುಡಿ ಬಿಸಿಲಿನಲ್ಲಿ ಸುಣ್ಣದಂತೆ ಪುಡಿಯೇಳುತ್ತದೆ. ಆದರೆ ಒಂದು ಕಡೆ ಗೀರಿ ಲೋಹ ಕಂಡರೆ, ಉಪ್ಪುನೀರು ಅಲ್ಲಿಂದ ಬಣ್ಣದ ಅಡಿಗೆ ನುಸುಳಿ ದಾರದಂತೆ ಹರಡುತ್ತದೆ. ಇಷ್ಟು ದಪ್ಪದ ಹೊದಿಕೆ ಎಲ್‌ಇಡಿಯ ಬಿಸಿ ಹೊರಗೆ ಹೋಗಲು ಸ್ವಲ್ಪ ಅಡ್ಡಿಯೂ ಹೌದು. ಬೇಲಿ, ಗೇಟು, ಫ್ಯಾನುಗಳಿಗೆ ಹೇಳಿಮಾಡಿಸಿದ ಲೇಪನ. ಕೈಯಿಂದ ಕೈಗೆ ದಾಟುವ, ದಿನಕ್ಕೆ ಹತ್ತು ಸಲ ಬೀಳುವ ಟಾರ್ಚಿಗೆ ಅಷ್ಟಾಗಿ ಹೊಂದುವುದಿಲ್ಲ.

ಲೋಹದಿಂದಲೇ ಬೆಳೆಯುವ ತೊಗಟೆ

ಮೂರನೆಯ ಈ ಬೂದು ಬಣ್ಣದ ಟಾರ್ಚು ನೋಡಲು ಅಂಥ ಚಂದವಿಲ್ಲ. ಆದರೆ ಮೂರರಲ್ಲಿ ಗಟ್ಟಿ ಇದೇ. ಇದು ಅಲ್ಯುಮಿನಿಯಂ. ಇದರ ಮೇಲೆ ಯಾರೂ ಏನನ್ನೂ ಬಳಿದಿಲ್ಲ. ಲೋಹದ ಮೈಯನ್ನೇ ಆಕ್ಸೈಡ್ ಆಗಿ ಪರಿವರ್ತಿಸಲಾಗಿದೆ. ಮರಕ್ಕೆ ತೊಗಟೆ ಬಂದ ಹಾಗೆ.

ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನಷ್ಟಕ್ಕೆ ಆಕ್ಸೈಡಿನ ಬಹು ತೆಳು ಪದರ ಹೊದ್ದುಕೊಳ್ಳುತ್ತದೆ. ಆ ಪದರವನ್ನು ವಿದ್ಯುತ್ತಿನಿಂದ ಸಾವಿರಾರು ಪಟ್ಟು ದಪ್ಪ ಮಾಡುವುದೇ ಆನೊಡೈಸಿಂಗ್. ಟಾರ್ಚಿನ ಕೊಳವೆಯನ್ನು ನೀರು ಬೆರೆಸಿದ ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಧನ ಧ್ರುವಕ್ಕೆ ಜೋಡಿಸುತ್ತೇವೆ. ಆಮ್ಲಜನಕ ಲೋಹದೊಡನೆ ಸೇರಿ ಪದರ ಬೆಳೆಯುತ್ತದೆ. ನೀವು ಹತ್ತನೆಯ ತರಗತಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡುವ ಪಾಠವೇ ನನಗೆ ಅನ್ನ ಕೊಟ್ಟಿದೆ.

ಈ ವಿದ್ಯೆ ಹುಟ್ಟಿದ್ದೂ ಸಮುದ್ರದ ಉಪ್ಪಿನ ಕಾಟದಿಂದಲೇ. 1923ರಲ್ಲಿ ಇಂಗ್ಲೆಂಡಿನಲ್ಲಿ ಬೆಂಗಫ್ ಮತ್ತು ಸ್ಟುವರ್ಟ್ ಎಂಬವರು ನೀರಿನ ಮೇಲೆ ಇಳಿಯುವ ವಿಮಾನಗಳ ಭಾಗಗಳು ಕೊರೆದುಹೋಗದಂತೆ ಕ್ರೋಮಿಕ್ ಆಮ್ಲದ ವಿಧಾನವನ್ನು ರೂಢಿಗೆ ತಂದರು. 1927ರಲ್ಲಿ ಗೋವರ್ ಮತ್ತು ಓಬ್ರಯನ್ ಗಂಧಕಾಮ್ಲದ ವಿಧಾನಕ್ಕೆ ಪೇಟೆಂಟ್ ಪಡೆದರು. ನಾವು ಇಂದಿಗೂ ಮಾಡುವುದು ಅದನ್ನೇ.

ಟಾರ್ಚುಗಳ ಪೆಟ್ಟಿಗೆಯ ಮೇಲೆ 'ಟೈಪ್ 2', 'ಟೈಪ್ 3' ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಇದು ಅಮೆರಿಕದ ಸೇನೆಯ ನಿಯಮಾವಳಿಯಿಂದ ಬಂದ ಹೆಸರು. ಟೈಪ್ 2 ಎಂದರೆ ಸಾಧಾರಣ ಆನೊಡೈಸಿಂಗ್. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ನಡೆಯುತ್ತದೆ, ಪದರ 25 ಮೈಕ್ರಾನ್ ಮೀರುವುದಿಲ್ಲ. ಟೈಪ್ 3 ಎಂದರೆ ಹಾರ್ಡ್ ಆನೊಡೈಸಿಂಗ್. ತೊಟ್ಟಿಯನ್ನು ಮಂಜುಗಡ್ಡೆಯಷ್ಟು ತಣ್ಣಗಿಟ್ಟು, ಹೆಚ್ಚು ವೋಲ್ಟೇಜ್ ಕೊಟ್ಟು ಮಾಡುತ್ತಾರೆ. ತಂಪಿನಲ್ಲಿ ಆಮ್ಲವು ಬೆಳೆಯುವ ಪದರವನ್ನು ಕರಗಿಸುವುದು ಕಡಿಮೆ. ಆದ್ದರಿಂದ 50 ಮೈಕ್ರಾನ್ ದಪ್ಪದ ಒತ್ತಾದ, ಗಟ್ಟಿ ಪದರ ಬರುತ್ತದೆ. ಅದರಲ್ಲಿ ಸುಮಾರು ಅರ್ಧ ಲೋಹದ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. ಚಾಕುವಿನಿಂದ ಗೀರಿದರೆ ಅನೇಕ ಸಲ ಚಾಕುವಿನ ಉಕ್ಕೇ ಸವೆದು ಗುರುತಾಗುತ್ತದೆ.

ಇದಕ್ಕೂ ಒಂದು ದೌರ್ಬಲ್ಯವಿದೆ. ಪದರ ಮೈಗೆ ನೇರವಾಗಿ ಬೆಳೆಯುವುದರಿಂದ ಚೂಪು ಅಂಚುಗಳಲ್ಲಿ ಬಿರುಕು ಬಿಡುತ್ತದೆ. ಒಳ್ಳೆಯ ಟಾರ್ಚಿನ ಅಂಚನ್ನು ಲೇತಿನಲ್ಲೇ ಸ್ವಲ್ಪ ಗುಂಡಗೆ ಮಾಡಿರುತ್ತಾರೆ. ಅಂಚು ಕೈಗೆ ಚುಚ್ಚುವಂತಿದ್ದರೆ ಆ ಟಾರ್ಚಿನ ಲೇಪನ ಮೊದಲು ಹೋಗುವುದೂ ಅಲ್ಲೇ.

ಬಣ್ಣ ಬೇಕೋ, ಬಾಳಿಕೆ ಬೇಕೋ?

ಆನೊಡೈಸಿಂಗಿನ ಪದರದಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿರುತ್ತವೆ. ಬಣ್ಣ ಕೂರುವುದು ಆ ರಂಧ್ರಗಳಲ್ಲಿ. ಉಗುರಿಗೆ ಹಚ್ಚಿದ ನೇಲ್ ಪಾಲಿಶ್ ಸಿಪ್ಪೆ ಏಳುತ್ತದೆ. ಆದರೆ ಉಗುರಿಗೆ ಹಿಡಿದ ಮೆಹಂದಿ ಏಳುವುದಿಲ್ಲ, ಉಗುರಿನ ಜೊತೆಗೇ ಇರುತ್ತದೆ. ಪೇಂಟಿಗೂ ಆನೊಡೈಸಿಂಗ್ ಬಣ್ಣಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಟೈಪ್ 2 ಪದರ ಗಾಜಿನಂತೆ ಪಾರದರ್ಶಕ. ಕೆಂಪು, ನೀಲಿ, ಚಿನ್ನದ ಬಣ್ಣ ಎಲ್ಲವೂ ಥಳಥಳಿಸುತ್ತವೆ. ಟೈಪ್ 3 ಪದರ ಹುಟ್ಟುತ್ತಲೇ ಬೂದು ಅಥವಾ ಕಂದು. ಅದರ ಮೇಲೆ ಕಪ್ಪು ಚೆನ್ನಾಗಿ ಕೂರುತ್ತದೆ, ಕಡು ಬಣ್ಣಗಳು ಹೇಗೋ ಆಗುತ್ತವೆ, ಅಚ್ಚ ಹಳದಿ ಅಥವಾ ಕಿತ್ತಳೆ ಬರುವುದಿಲ್ಲ. ಆದ್ದರಿಂದ ಯಾರಾದರೂ ಥಳಥಳಿಸುವ ಕೆಂಪು ಟಾರ್ಚು ತೋರಿಸಿ 'ದಪ್ಪನೆಯ ಹಾರ್ಡ್ ಆನೊಡೈಸಿಂಗ್' ಎಂದರೆ ಸ್ವಲ್ಪ ಅನುಮಾನಪಡಿ. ಗಟ್ಟಿ ಪದರವೂ ಬೇಕು, ತಿಳಿ ಬಣ್ಣವೂ ಬೇಕು ಎನ್ನುವವರು ಆನೊಡೈಸ್ ಆದ ಮೈಮೇಲೆ ಸೆರಾಕೋಟ್‌ನಂತಹ ಸೆರಾಮಿಕ್ ಲೇಪನ ಹಾಕಿಸುವುದುಂಟು. ಅದು ದುಬಾರಿ.

ಬಿಸಿಲಿಗೆ ಎಲ್ಲ ಬಣ್ಣವೂ ಒಂದೇ ರೀತಿ ನಿಲ್ಲುವುದಿಲ್ಲ. ಸಾವಯವ ಬಣ್ಣಗಳಲ್ಲಿ ಗುಲಾಬಿ, ನೇರಳೆ, ಅಗ್ಗದ ಕೆಂಪು ಬೇಗ ಮಾಸುತ್ತವೆ. ಅಗ್ಗದ ಕಪ್ಪು ಕೂಡ ವರ್ಷ ಕಳೆದಂತೆ ನೇರಳೆಗೆ ತಿರುಗುತ್ತದೆ. ಕಬ್ಬಿಣದ ಲವಣದಿಂದ ಬರುವ ಚಿನ್ನದ ಬಣ್ಣ ಗಟ್ಟಿ. ರಂಧ್ರದ ತಳದಲ್ಲಿ ತವರವನ್ನು ವಿದ್ಯುತ್ತಿನಿಂದ ಕೂರಿಸಿ ಪಡೆಯುವ ಕಂಚಿನ ಬಣ್ಣ ಮತ್ತು ಕಪ್ಪು ಇನ್ನೂ ಗಟ್ಟಿ. ಕಟ್ಟಡಗಳ ಅಲ್ಯುಮಿನಿಯಂ ಕಿಟಕಿಗಳಲ್ಲಿ ಇರುವುದು ಅದೇ. ಏನೂ ಬಣ್ಣ ಹಾಕದ ಸಹಜ ಬೂದಿಯಲ್ಲಿ ಮಾಸಲು ಬಣ್ಣವೇ ಇರುವುದಿಲ್ಲ.

ಬಣ್ಣ ಹಾಕಿದ ಮೇಲೆ ಕೊನೆಯ ಒಂದು ಕೆಲಸವಿದೆ. ಅದಕ್ಕೆ ಸೀಲಿಂಗ್ ಎನ್ನುತ್ತಾರೆ. ಹೆಚ್ಚುಕಡಿಮೆ ಕುದಿಯುವ ಶುದ್ಧ ನೀರಿನಲ್ಲಿ ಟಾರ್ಚನ್ನು ಮುಳುಗಿಸಿಡಬೇಕು. ಪ್ರತಿ ಮೈಕ್ರಾನ್ ದಪ್ಪಕ್ಕೆ ಎರಡು ಮೂರು ನಿಮಿಷ. ಆಗ ಆಕ್ಸೈಡು ನೀರು ಕುಡಿದು ಉಬ್ಬಿ ರಂಧ್ರಗಳ ಬಾಯಿ ಮುಚ್ಚುತ್ತದೆ. ಬಣ್ಣ ಒಳಗೆ ಉಳಿಯುತ್ತದೆ, ಉಪ್ಪು ಹೊರಗೆ ಉಳಿಯುತ್ತದೆ. ಸೀಲಿಂಗ್ ಮಾಡಿದ ಟಾರ್ಚಿಗೂ ಮಾಡದ ಟಾರ್ಚಿಗೂ ಅಂಗಡಿಯಲ್ಲಿ ನೋಡಲು ವ್ಯತ್ಯಾಸವೇ ಇರುವುದಿಲ್ಲ.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. 2009ರಲ್ಲಿ ನನ್ನ ಶೆಡ್ಡು ಹೊಸದು. ಬೋಟಿನವರಿಗೆ ಟಾರ್ಚು ಮಾರುವ ವ್ಯಾಪಾರಿಯೊಬ್ಬರು ಇನ್ನೂರು ಟಾರ್ಚುಗಳ ಮೈಗೆ ಕೆಂಪು ಬಣ್ಣದ ಆನೊಡೈಸಿಂಗ್ ಕೇಳಿದರು. ಮಳೆಗಾಲದ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿಯುವುದರೊಳಗೆ ಕೊಡಬೇಕಿತ್ತು. ದಿನವೂ ಕರೆಂಟು ಹೋಗುತ್ತಿತ್ತು. ಸೀಲಿಂಗ್ ತೊಟ್ಟಿಯ ನೀರು ಬಿಸಿಯಾಗುವುದಕ್ಕೇ ಗಂಟೆಗಳು ಬೇಕು. ಮುಕ್ಕಾಲು ಗಂಟೆ ಇಡಬೇಕಾದದ್ದನ್ನು ಹತ್ತೇ ನಿಮಿಷಕ್ಕೆ, ಅದೂ ಉಗುರುಬೆಚ್ಚಗಿನ ನೀರಿನಿಂದ ತೆಗೆದೆ. ಮೇಲಿಂದ ಬಟ್ಟೆಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ಸೀಲಿಂಗ್ ಸರಿಯಾಗಿದೆಯೇ ಎಂದು ತಿಳಿಯಲು ಶಾಯಿ ಪರೀಕ್ಷೆ ಇದೆ. ಒಂದು ಹನಿ ಶಾಯಿ ಇಟ್ಟು ಒರೆಸಿದರೆ ಕಲೆ ಉಳಿಯಬಾರದು. ಅದನ್ನು ಮಾಡಲಿಲ್ಲ. ಕಲೆ ಉಳಿಯುತ್ತದೆ ಎಂದು ನನಗೆ ಗೊತ್ತಿದ್ದುದರಿಂದಲೇ ಮಾಡಲಿಲ್ಲ.

ಡಿಸೆಂಬರಿನಲ್ಲಿ ಒಬ್ಬ ವಯಸ್ಸಾದ ತಾಂಡೇಲರು ವಿಳಾಸ ಹುಡುಕಿಕೊಂಡು ಶೆಡ್ಡಿಗೇ ಬಂದರು. ಜೊತೆಗೆ ಬಲಗೈಗೆ ಬ್ಯಾಂಡೇಜು ಕಟ್ಟಿದ್ದ ಒಬ್ಬ ಹುಡುಗ. ಮೇಜಿನ ಮೇಲೆ ಟಾರ್ಚು ಇಟ್ಟರು. ಕೆಂಪು ಹೋಗಿ ಮಾಸಲು ಗುಲಾಬಿಯಾಗಿತ್ತು. ಮುಚ್ಚಳದ ಮರೆಗಳಲ್ಲಿ ಬಿಳಿ ಪುಡಿ ಕಟ್ಟಿ ಕಲ್ಲಿನಂತೆ ಹಿಡಿದುಕೊಂಡಿತ್ತು. ರಾತ್ರಿ ಎಂಜಿನ್ ನಿಂತಾಗ ಸೆಲ್ಲು ಬದಲಿಸಲು ಮುಚ್ಚಳ ತಿರುಗಲೇ ಇಲ್ಲವಂತೆ. ಹುಡುಗ ಕತ್ತಲಲ್ಲೇ ಎಂಜಿನ್ ಮನೆಗೆ ಕೈ ಹಾಕಿ ಎರಡು ಬೆರಳು ಜಜ್ಜಿಕೊಂಡಿದ್ದ.

"ಬ್ಯಾರಿಗಳೇ, ಬಣ್ಣ ಹೋದದ್ದಕ್ಕೆ ನಾನು ಬಂದದ್ದಲ್ಲ. ಬಣ್ಣ ಹೋದರೆ ಹೋಗಲಿ. ಇದು ಬೇಕಾದ ಹೊತ್ತಿಗೆ ತೆರೆಯಲಿಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಇನ್ನೊಮ್ಮೆ ಮಾಡುವುದಾದರೆ ಕೆಂಪು ಬೇಡ. ಸಂಜೆಯಾದರೆ ಬೋಟಿನಲ್ಲಿ ಅದು ಎಲ್ಲಿದೆ ಎಂದೇ ಕಾಣುವುದಿಲ್ಲ."

ಆ ಇನ್ನೂರರಲ್ಲಿ ಮರಳಿ ಸಿಕ್ಕಿದ್ದನ್ನೆಲ್ಲ ನನ್ನ ಖರ್ಚಿನಲ್ಲೇ ಹಳೆಯ ಪದರ ತೆಗೆದು ಮತ್ತೆ ಮಾಡಿಕೊಟ್ಟೆ. ಆ ಸಾಲ ತೀರಲು ಎರಡು ವರ್ಷ ಹಿಡಿಯಿತು. ಸಾಲ ತೀರಿತು. ಆ ಹುಡುಗನ ಬ್ಯಾಂಡೇಜು ಮಾತ್ರ ಈಗಲೂ ಕಣ್ಣ ಮುಂದಿದೆ.

ಕತ್ತಲಲ್ಲಿ ಕಾಣುವ ಬಣ್ಣ

ತಾಂಡೇಲರು ಅನುಭವದಿಂದ ಹೇಳಿದ ಮಾತಿಗೆ ವಿಜ್ಞಾನದ ಆಧಾರವಿದೆ ಎಂದು ನನಗೆ ಆಮೇಲೆ ತಿಳಿಯಿತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬೇರೆಯೇ ಜೀವಕೋಶಗಳು ಕೆಲಸ ಮಾಡುತ್ತವೆ. ಅವುಗಳಿಗೆ ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ, ಕೆಂಪು ಕಪ್ಪಾಗಿಬಿಡುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ಮುಸ್ಸಂಜೆಯಲ್ಲಿ ತೋಟದ ದಾಸವಾಳ ಕಪ್ಪಾಗಿ, ಎಲೆಗಳು ಬೆಳ್ಳಗೆ ಕಾಣುವುದನ್ನು ನೀವೂ ಗಮನಿಸಿ.

ಆದ್ದರಿಂದ ಹಗಲಲ್ಲಿ ಹುಲ್ಲಿನಲ್ಲಿ ಬಿದ್ದ ಟಾರ್ಚು ಹುಡುಕಲು ಕಿತ್ತಳೆ ಒಳ್ಳೆಯದು. ಮುಸ್ಸಂಜೆಗೆ ತಿಳಿ ಹಳದಿ, ಬಿಳಿ, ಬೆಳ್ಳಿ ಬಣ್ಣ ಒಳ್ಳೆಯದು. ಕಪ್ಪು ನೋಡಲು ಗಂಭೀರ, ಬಾಳಿಕೆಯೂ ಇದೆ, ಆದರೆ ಕತ್ತಲಲ್ಲಿ ಕಳೆದುಹೋಗಲು ಅದೇ ಮೊದಲು. ನನ್ನ ಸಲಹೆ ಕೇಳಿದರೆ, ಮೈ ಹಾರ್ಡ್ ಆನೊಡೈಸಿಂಗಿನ ಸಹಜ ಬೂದು ಇರಲಿ. ಅದಕ್ಕೆ ಹಳದಿ ದಾರ ಕಟ್ಟಿ, ಸೈಕಲ್ಲಿಗೆ ಅಂಟಿಸುವ ರಿಫ್ಲೆಕ್ಟರ್ ಟೇಪಿನ ಒಂದು ಸುತ್ತು ಹಾಕಿ. ಬಾಳಿಕೆಯ ಕೆಲಸ ಪದರ ಮಾಡುತ್ತದೆ, ಕಾಣಿಸುವ ಕೆಲಸ ಟೇಪು ಮಾಡುತ್ತದೆ. ಟೇಪು ಹಾಳಾದರೆ ಬದಲಿಸಬಹುದು.

ಕೊಳ್ಳುವಾಗ, ಬಳಸುವಾಗ

ಅಂಗಡಿಯಲ್ಲಿ ಮೊದಲು ಮುಚ್ಚಳ ತೆಗೆದು ಕೊಳವೆಯ ಒಳಗೆ ನೋಡಿ. ತೊಟ್ಟಿಯಲ್ಲಿ ಮುಳುಗಿಸಿದ್ದಾದರೆ ಸಾಮಾನ್ಯವಾಗಿ ಒಳಗೂ ಪದರ ಇರುತ್ತದೆ. ಬಣ್ಣ ಬಳಿದದ್ದಾದರೆ ಹೊರಗೆ ಮಾತ್ರ. ಕೊಳವೆಯ ತುದಿಯ ಅಂಚು ಬರಿ ಲೋಹವಾಗಿದ್ದರೆ ಅದು ದೋಷವಲ್ಲ. ಆನೊಡೈಸಿಂಗ್ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅಷ್ಟು ಜಾಗ ಬಿಡಲೇಬೇಕು. ಮರೆಗಳಿಗೂ ಪದರವಿದ್ದರೆ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದ ಕೂಡಲೇ ಬೆಳಕು ನಿಲ್ಲುತ್ತದೆ. ಚೀಲದಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ಇದು ಒಂದು ಅನುಕೂಲ. ಬೂದು ಟಾರ್ಚಿನ ತಲೆಗೂ ಮೈಗೂ ಛಾಯೆಯಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೆ ಬೇಡವೆನ್ನಬೇಡಿ. ಹಾರ್ಡ್ ಆನೊಡೈಸಿಂಗಿನಲ್ಲಿ ಅದು ಸಹಜ. 'ವಿಮಾನದ ಅಲ್ಯುಮಿನಿಯಂ' ಎಂಬ ಮಾತಿಗೆ ಮರುಳಾಗಬೇಡಿ. ಅದು ಲೋಹದ ಮಾತು, ಲೇಪನದ ಮಾತಲ್ಲ.

ಆನೊಡೈಸಿಂಗ್ ಪದರದ ದೊಡ್ಡ ಶತ್ರು ಕ್ಷಾರ. ಬಟ್ಟೆ ಸೋಡಾ, ಕಾಸ್ಟಿಕ್, ಹಸಿ ಸಿಮೆಂಟು, ಎಲೆಯಡಿಕೆಯ ಸುಣ್ಣ ಇವು ಪದರವನ್ನು ಕರಗಿಸುತ್ತವೆ. ಪಾತ್ರೆಯಂತೆ ಬೂದಿ ಹಾಕಿ ಉಜ್ಜಬೇಡಿ. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ ಹಿಟ್ಟೂ ಕ್ಷಾರವೇ. ಕೈಗವಸು ಹಾಕಿ, ಸ್ವಲ್ಪ ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ನಂತರ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸಮುದ್ರಕ್ಕೆ ಹೋದ ಟಾರ್ಚನ್ನು ಮುಚ್ಚಳ ಬಿಗಿಯಾಗಿರುವಾಗಲೇ ಸಿಹಿನೀರಿನಲ್ಲಿ ತೊಳೆಯಿರಿ. ಮರೆಗಳಿಗೆ, ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ರಜೆಯ ತಿಂಗಳುಗಳಲ್ಲಿ ಸೆಲ್ಲು ತೆಗೆದಿಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು

ಅಮೆರಿಕದಲ್ಲಿ ಆಂಟನಿ ಮ್ಯಾಗ್ಲಿಕಾ ಎಂಬವರು 1950ರ ದಶಕದಲ್ಲಿ ಒಬ್ಬಂಟಿಯಾಗಿ ಒಂದು ಸಣ್ಣ ಯಂತ್ರದ ಅಂಗಡಿ ಆರಂಭಿಸಿದರು. 1979ರಲ್ಲಿ ಅವರ ಕಂಪೆನಿ ಮ್ಯಾಗ್‌ಲೈಟ್ ಎಂಬ ಆನೊಡೈಸ್ ಮಾಡಿದ ಅಲ್ಯುಮಿನಿಯಂ ಟಾರ್ಚನ್ನು ಹೊರತಂದಿತು. ಪೊಲೀಸರು, ಅಗ್ನಿಶಾಮಕ ದಳದವರು ಅದನ್ನು ನೆಚ್ಚಿಕೊಂಡರು. ಕೈಕೆಲಸದಲ್ಲಿಯೂ ದಾರಿಯಿದೆ ಎಂದು ಹೇಳಲು ಈ ಉದಾಹರಣೆ ಕೊಟ್ಟೆ. ಡಿಪ್ಲೊಮಾ, ಐ.ಟಿ.ಐ. ಓದುವವರು ತಮ್ಮನ್ನು ತಾವೇ ಕೀಳಾಗಿ ಕಾಣಬೇಕಾಗಿಲ್ಲ. ಆದರೆ ರಸಾಯನಶಾಸ್ತ್ರವನ್ನು ಮನಸ್ಸಿಟ್ಟು ಓದಿ. ಈ ಕೆಲಸದಲ್ಲಿ ಆಮ್ಲವಿದೆ, ಕ್ಷಾರವಿದೆ, ಕ್ರೋಮಿಯಂ ಪ್ಲೇಟಿಂಗಿನ ವಿಷವಿದೆ. ಕನ್ನಡಕ, ಕೈಗವಸು, ಗಾಳಿಯ ವ್ಯವಸ್ಥೆ ಇಲ್ಲದ ಶೆಡ್ಡಿನಲ್ಲಿ ಎಷ್ಟು ಸಂಬಳ ಕೊಟ್ಟರೂ ನಿಲ್ಲಬೇಡಿ. ತೊಟ್ಟಿಯ ನೀರನ್ನು ಶುದ್ಧೀಕರಿಸದೆ ತೋಡಿಗೆ ಬಿಡುವ ಮಾಲೀಕನ ಬಳಿಯೂ ನಿಲ್ಲಬೇಡಿ. ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ನನ್ನ ಶೆಡ್ಡಿನಲ್ಲಿ ಈಗ ಸೀಲಿಂಗ್ ತೊಟ್ಟಿಯ ಪಕ್ಕದಲ್ಲಿ ಒಂದು ಗಡಿಯಾರ, ಒಂದು ಥರ್ಮಾಮೀಟರ್, ಒಂದು ಶಾಯಿ ಬಾಟಲಿ ಇವೆ. ಹೊಸ ಹುಡುಗರು ಬಂದಾಗ ಮೊದಲು ಕಲಿಸುವುದು ಬಣ್ಣ ಹಾಕುವುದನ್ನಲ್ಲ, ಆ ಶಾಯಿ ಒರೆಸಿ ನೋಡುವುದನ್ನು. ಕಲೆ ಉಳಿದರೆ ಮತ್ತೆ ತೊಟ್ಟಿಗೆ. ಎಷ್ಟೇ ಅವಸರದ ಆರ್ಡರು ಇದ್ದರೂ ಅಷ್ಟೇ. ಗಿರಾಕಿ ಅದನ್ನು ನೋಡುವುದಿಲ್ಲ, ಕೇಳುವುದೂ ಇಲ್ಲ. ನಡುಸಮುದ್ರದಲ್ಲಿ ಮುಚ್ಚಳ ತಿರುಗಿಸುವ ಕೈಗೆ ಮಾತ್ರ ಅದು ಗೊತ್ತಾಗುತ್ತದೆ.

 ಟಾರ್ಚುಗಳು ಮೇಜಿನ ಮೇಲೆಯೇ ಇವೆ. ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು, ಒಳಗೆ ನೋಡಿಕೊಂಡೇ ಹೋಗಿ.